ಕಡೆಗೂ ತಾಳೆಯಾದ ಮಳೆ

ಕಂಪ್ಯೂಟರ್ ಹೇಳಿದ ಮಳೆಯೂ ನೆಲಕ್ಕೆ ಬಿದ್ದ ಮಳೆಯೂ ಒಂದೇ ಆದರೆ ನನಗೆ ಕೆಲಸವೇ ಇಲ್ಲ. ಶಿಕಾರಿಪುರ, ಸೊರಬ ಎರಡೂ ತಾಲೂಕುಗಳ ಪುಣ್ಯದಿಂದ ಅಂಥ ಗಂಡಾಂತರ ಇನ್ನೂ ಬಂದಿಲ್ಲ. ಕಂಪ್ಯೂಟರ್ ನಾಡನ್ನೆಲ್ಲ ಚೌಕ ಚೌಕವಾಗಿ ಹೆಚ್ಚಿ, ಒಂದೊಂದು ಚೌಕಕ್ಕೆ ಇಷ್ಟು ಮಳೆ, ಇಷ್ಟು ಸೆಕೆ ಎಂದು ಹಂಚುತ್ತದೆ. ಊರುಗಳ ಹವಾಮಾನ ಕೇಂದ್ರಗಳಲ್ಲಿ ಅಳೆದದ್ದನ್ನು ಅದರ ಪಕ್ಕ ಇಟ್ಟು, ಅದು ದಿನಾ ಎಷ್ಟು ತಪ್ಪುತ್ತದೋ ಅಷ್ಟನ್ನು ತಿದ್ದುವವನು ನಾನು.

ಹೋದ ಬೇಸಿಗೆಯಲ್ಲಿ ನಮ್ಮ ಸಾಹೇಬರು ಷರತ್ತು ಹಾಕಿದ್ದರು. ನನ್ನ ತಿದ್ದುಪಡಿ ಕೇಂದ್ರಗಳ ಅಳತೆಗೆ ತಾಳೆಯಾದರೆ ರೈತರ ಬಿತ್ತನೆ ಸಲಹೆಗೆ ಅದೇ ಆಧಾರ. ಇಲ್ಲದಿದ್ದರೆ ಮೂರು ವರ್ಷದ ಕೆಲಸ ಮೂಲೆಗೆ. ನನಗೇನೂ ಭಯವಿರಲಿಲ್ಲ. ಭಯಪಡುವಷ್ಟು ವಿನಯ ನನಗೆ ಮೊದಲಿಂದಲೂ ಇಲ್ಲ.

ಹದ್ದುಬಸ್ತು

ಬಂದಳಿಕೆ ಹತ್ತಿರ ರೈತರೊಬ್ಬರಿಗೆ ಲ್ಯಾಪ್‌ಟಾಪಿನಲ್ಲಿ ಚೌಕಗಳನ್ನು ತೋರಿಸಿದೆ. ಒಂದು ಗೆರೆ ಸರಿಯಾಗಿ ಅವರ ಮೆಕ್ಕೆಜೋಳದ ಹೊಲದ ನಡುವೆಯೇ ಹಾದಿತ್ತು. ಪಡುವಲ ಚೌಕಕ್ಕೆ ಮಳೆ ಹೆಚ್ಚು, ಮೂಡಲದ್ದಕ್ಕೆ ಕಡಿಮೆ. ಅವರು ಬಹಳ ಹೊತ್ತು ನೋಡಿ, ಇದನ್ನು ಅಳೆಯಲು ಯಾವ ಸರ್ವೇಯರ್ ಬಂದಿದ್ದರು, ನಮಗೇಕೆ ನೋಟಿಸ್ ಬರಲಿಲ್ಲ ಎಂದು ಕೇಳಿದರು. ನೆಲದ ಮೇಲೆ ಗೆರೆಯೇನೂ ಇಲ್ಲ, ಲೆಕ್ಕಕ್ಕೆ ಹಾಕಿಕೊಂಡದ್ದು ಎಂದೆ. ಅವರಿಗೆ ಸಮಾಧಾನವಾಯಿತು.

“ಹಂಗಾದ್ರ ನಾಲ್ಕು ಗುಂಟೆ ಮೂಡಲಕ್ಕ ಸರಿಸ್ರಿ. ಹೊಲ ಪೂರ್ತಿ ಮಳಿ ಕಡೆ ಬರ್ತೈತಿ.”

ಎರಡು ಡಿಗ್ರಿ

ಅದೇ ಶಿಕಾರಿಪುರ ತಾಲೂಕಿನ ಒಂದು ಕೇಂದ್ರದಲ್ಲಿ ಬೇಸಿಗೆಯ ಮಧ್ಯಾಹ್ನದ ಉಷ್ಣಾಂಶ ಕಂಪ್ಯೂಟರ್ ಹೇಳಿದ್ದಕ್ಕಿಂತ ದಿನಾ ಎರಡು ಡಿಗ್ರಿ ಕಡಿಮೆ. ದಿನಾ ಒಂದೇ ಥರ ತಪ್ಪಿದರೆ ನಮ್ಮಂಥವರಿಗೆ ಹಬ್ಬ. ಅಂಬ್ಲಿಗೊಳ ಜಲಾಶಯದ ತಂಪು ಎಂದು ಕಾರಣ ಬರೆದು, ಸುತ್ತಲ ಊರುಗಳಿಗೆಲ್ಲ ಎರಡೆರಡು ಡಿಗ್ರಿ ಕಳೆದೆ. ಆಮೇಲೊಮ್ಮೆ ಹೋಗಿ ನೋಡಿದರೆ ಥರ್ಮಾಮೀಟರಿನ ಪೆಟ್ಟಿಗೆ ಒದ್ದೆ ಗೋಣಿಚೀಲ ಹೊದ್ದು ನಿಂತಿತ್ತು. ಅದನ್ನು ನೋಡಿಕೊಳ್ಳುವ ಅಮ್ಮನವರನ್ನು ಕೇಳಿದೆ. ಅಷ್ಟು ಬೆಲೆಬಾಳುವ ಸಾಮಾನು ಬಿಸಿಲಿಗೆ ಹಾಳಾಗಬಾರದಲ್ಲ, ದಿನಾ ಹನ್ನೆರಡಕ್ಕೆ ನೀರು ಚಿಮುಕಿಸುತ್ತೇನೆ ಎಂದರು. ಜಲಾಶಯಕ್ಕೆ ಕೊಟ್ಟಿದ್ದ ಕೀರ್ತಿಯನ್ನು ಗೋಣಿಚೀಲದ ಹೆಸರಿಗೆ ಖಾತೆ ಬದಲಾವಣೆ ಮಾಡಿಕೊಟ್ಟೆ.

ಸೊನ್ನೆ

ಉಳಿದದ್ದು ಸೊರಬ. ಕುಪ್ಪಗಡ್ಡೆ ಕಡೆಯ ಒಂದೂರಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಬೆಳಿಗ್ಗೆ ಎಂಟೂವರೆಗೆ ಮಳೆಮಾಪಕದ ನೀರು ಅಳೆದು ನನಗೆ ಕಳಿಸುತ್ತಿದ್ದರು. ಅದು ನನ್ನ ಲೆಕ್ಕಕ್ಕೆ ಕೂಡುತ್ತಲೇ ಇರಲಿಲ್ಲ. ದಿನಾ ಫೋನ್ ಮಾಡಿ, ಇನ್ನೊಂದು ಸಲ ನೋಡುತ್ತೀರಾ ಎಂದು ಗೋಳಾಡುತ್ತಿದ್ದೆ. ಜುಲೈ ನಡುವಿನಿಂದ ಇದ್ದಕ್ಕಿದ್ದಂತೆ ತಾಳೆಯಾಗತೊಡಗಿತು. ವ್ಯತ್ಯಾಸ ಸೊನ್ನೆ. ಮರುದಿನವೂ ಸೊನ್ನೆ. ತಿಂಗಳಿಡೀ ಸೊನ್ನೆ. ನಾನು ಎದೆಯುಬ್ಬಿಸಿಕೊಂಡು ಸಾಹೇಬರ ಮುಂದೆ ಇಟ್ಟೆ. ಅವರು ಖುಷಿಯಾಗಿ, ಸಹಿ ಹಾಕುವ ಮೊದಲು ಆ ಮೇಷ್ಟ್ರಿಗೊಂದು ಹಾರ ಹಾಕೋಣ ನಡಿ ಎಂದರು.

ಮೇಷ್ಟ್ರ ಮನೆಗೆ ಹೋದ ಮೇಲೆ, ಇಷ್ಟು ಕರಾರುವಾಕ್ಕಾಗಿ ಹೇಗೆ ಅಳೆಯುತ್ತೀರಿ ಎಂದು ಸಾಹೇಬರು ಕೇಳಿದರು. ಮೇಷ್ಟ್ರು ಫೋನ್ ತೆಗೆದು, ನಾನು ದಿನಾ ಬೆಳಿಗ್ಗೆ ಏಳು ಗಂಟೆಗೆ ಎಲ್ಲರಿಗೂ ಕಳಿಸುವ ತಿದ್ದಿದ ನಕ್ಷೆಯನ್ನು ತೋರಿಸಿದರು.

“ಇದ್ರಲ್ಲಿ ನೋಡಿ ಬರ್ದು ಕಳಿಸ್ತೀನಿ. ಪಾಪ, ಇವ್ರು ದಿನಾ ಅಷ್ಟು ಬೇಜಾರು ಮಾಡ್ಕೊಳ್ತಿದ್ರಲ್ಲ.”

ನನ್ನ ಲೆಕ್ಕ ನನ್ನ ಲೆಕ್ಕಕ್ಕೇ ತಾಳೆಯಾಗಿತ್ತು. ಹಾಗಾದರೆ ನಿಜವಾದ ಮಳೆ ಅಳೆಯುವುದನ್ನೇ ಬಿಟ್ಟಿರಾ ಎಂದೆ. ಮೇಷ್ಟ್ರಿಗೆ ಬೇಸರವಾಯಿತು. ಒಳಗೆ ಹೋಗಿ ಒಂದು ನೋಟ್‌ಬುಕ್ ತಂದರು. ಒಂದು ದಿನವೂ ತಪ್ಪದೆ ಮಾಪಕದ ಮಳೆಯೆಲ್ಲ ಅದರಲ್ಲಿತ್ತು.

“ಬಿಡೋದುಂಟಾ ಮಾರಾಯ್ರೇ? ಬಿತ್ತನೆಗೆ ಊರೋರು ಇದನ್ನೇ ಅಲ್ವಾ ಕೇಳೋದು.”

ಸಾಹೇಬರು ನನ್ನ ಕೈಯಿಂದ ಹಾರ ತೆಗೆದುಕೊಂಡು ಆ ನೋಟ್‌ಬುಕ್ಕಿಗೆ ಹಾಕಿದರು. ಸಲಹೆಗೆ ಆಧಾರ ಸಿಕ್ಕಿತು ಎಂದರು.