ಏರಿಯ ಎರಡು ಕಡೆಗೂ ಒಂದೇ ಅರ್ಜಿ

ಭೂಗೋಳ ನನಗೆ ಶಾಲೆಯಲ್ಲಿ ನಿದ್ದೆ ತರಿಸುತ್ತಿದ್ದ ವಿಷಯ. ಅದು ಊಟದ ತಟ್ಟೆಯಲ್ಲೂ ಇರುತ್ತದೆ, ಮತಪೆಟ್ಟಿಗೆಯಲ್ಲೂ ಇರುತ್ತದೆ ಎಂದು ಮದುವೆಯಾದ ಮೇಲೆ ಗೊತ್ತಾಯಿತು. ನನ್ನ ಹುಟ್ಟೂರೂ ಹೆಂಡತಿ ಮಂಜುಳಾಳ ತವರೂ ಟಿ. ನರಸೀಪುರದ ಕಡೆ ಒಂದೇ ಮೈಲಿ ಅಂತರದಲ್ಲಿವೆ. ನಡುವೆ ಇರುವುದು ಒಂದು ನಾಲೆ, ಅದರ ಏರಿ. ಯಾವ ಕಾಲದ ಇಂಜಿನಿಯರೋ, ನಕ್ಷೆಯ ಮೇಲೆ ಗೆರೆ ಎಳೆಯುವಾಗ ಪೆನ್ಸಿಲನ್ನು ಕೂದಲೆಳೆಯಷ್ಟು ಆಚೆ ಸರಿಸಿದ್ದರೆ ನಾವೂ ಗದ್ದೆಯವರಾಗುತ್ತಿದ್ದೆವು. ಸರಿಸಲಿಲ್ಲ. ನೀರು ಮಂಜುಳಾಳ ಕೆಳಗಿನೂರಿಗೆ ಹೋಯಿತು. ಅದರ ಹಿಂದೆಯೇ ಭತ್ತ, ಕಬ್ಬು, ಹಾಲಿನ ಡೇರಿ, ತಾರಸಿ ಮನೆ, ಕೊನೆಗೆ ಬಸ್ಸೂ ಹೋಯಿತು. ಮೇಲಿನೂರಿನ ನಮಗೆ ರಾಗಿ, ಹುರುಳಿ ಮತ್ತು ನಂಜನಗೂಡಿನ ಕಾರ್ಖಾನೆಯ ಶಿಫ್ಟು ಉಳಿದವು. ನಾನು ಅಲ್ಲೇ ಒಂದು ಕಾರ್ಖಾನೆಯ ಗುಮಾಸ್ತ, ಮನೆಯೂ ಅಲ್ಲೇ. ಚುನಾವಣೆ ಬಂದರೆ ಕೆಳಗಿನವರು ಯಾವ ಬಾವುಟ ಕಟ್ಟುತ್ತಾರೆಂದು ನೋಡಿಕೊಂಡು ನಮ್ಮವರು ಅದರ ಎದುರಿನದನ್ನು ಕಟ್ಟುತ್ತಾರೆ. ಒಮ್ಮೆ ಅವರ ಮುಖಂಡರು ದಿಢೀರನೆ ಪಕ್ಷ ಬದಲಿಸಿದಾಗ ನಮ್ಮವರೂ ಸಂಜೆಯೊಳಗೆ ಬದಲಿಸಬೇಕಾಗಿ ಬಂದು, ಬಾವುಟ ಸಿಗದೆ ಪರದಾಡಿದ್ದರು.

ನಾಲೆಯ ನೀರನ್ನು ಪಂಪಿನಲ್ಲಿ ಎತ್ತಿ ಮೇಲಿನೂರಿನ ಕೆರೆ ತುಂಬಿಸುತ್ತಾರೆಂದು ಈಚೆಗೆ ಸುದ್ದಿ ಹಬ್ಬಿತು. ಭಾನುವಾರ ಬೆಳಿಗ್ಗೆ ಅಣ್ಣ ಮಹದೇವ ನಮ್ಮ ಮನೆಗೆ ಬಂದ.

“ಲೇ, ಪಂಪು ಬೇಕು ಅಂತ ಒಂದು ಅರ್ಜಿ ಬರ್ಕೊಡು. ಕಣ್ಮುಂದೇನೇ ನೀರು ಅರೀತದೆ, ಎಮ್ಮೆ ಕುಡಿಯಕ್ಕೆ ಕೆರೇಲಿ ತೊಟ್ಟು ನೀರಿಲ್ಲ. ಓದ್ದೋರು ಅಳ್ಬೇಕು, ಅಂಗ್ ಬರಿ.”

ಮಾತು ನಿಜ. ಬೇಸಿಗೆಯಲ್ಲಿ ಅವನು ಎರಡು ಎಮ್ಮೆ ಮಾರಿ, ಒಂದು ವಾರ ಸರಿಯಾಗಿ ಊಟ ಮಾಡಿರಲಿಲ್ಲ. ‘ನಮ್ಮ ಮಕ್ಕಳ ಬಾಯಿಗೆ ಮಣ್ಣು ಬೀಳುವ ಮುನ್ನ ದಯೆ ತೋರಬೇಕು’ ಎಂದೆಲ್ಲ ಬರೆದುಕೊಟ್ಟೆ.

ಅವನು ಹೋದ ಮೇಲೆ, ಮಧ್ಯಾಹ್ನ, ಮಂಜುಳಾಳ ತಮ್ಮ ಶಿವಣ್ಣ ಬಂದ.

“ಭಾವ, ಪಂಪು ಬ್ಯಾಡ ಅಂತ ಒಂದು ಅರ್ಜಿ ಬೇಕಿತ್ತು. ನಮ್ ಗದ್ದೆ ನಾಲೆ ಕೊನೇಲದೆ. ಈಗ್ಲೇ ನಾಟಿ ಒಣಗ್ತದೆ. ಮೇಲ್ನೋರು ಎತ್ಕಂಡ್ರೆ ನಮ್ಗೇನುಳಿತದೆ?”

ಅದೂ ನಿಜ. ಅಡುಗೆಮನೆಯ ಬಾಗಿಲಲ್ಲಿ ಮಂಜುಳಾ ಬಂದು ನಿಂತಿದ್ದಳು. ಅವಳು ಮಾತಾಡಿದ್ದರೆ ವಾದ ಮಾಡಬಹುದಿತ್ತು. ಬೆಳಗಿನ ಅರ್ಜಿಯನ್ನೇ ನೆನಪಿಸಿಕೊಂಡು, ‘ಎತ್ತಬೇಕು’ ಇದ್ದಲ್ಲಿ ‘ಎತ್ತಬಾರದು’ ಎಂದು ತಿದ್ದಿ ಕೊಟ್ಟುಬಿಟ್ಟೆ. ಮಕ್ಕಳ ಬಾಯಿ, ಮಣ್ಣು ಎಲ್ಲ ಹಾಗೇ ಉಳಿದವು.

ಮರುದಿನ ಇಬ್ಬರೂ ಒಂದೇ ನೀರಾವರಿ ಕಚೇರಿಗೆ, ಒಂದೇ ಹೊತ್ತಿಗೆ ಹೋಗಿದ್ದಾರೆ. ಅಧಿಕಾರಿ ಎರಡನ್ನೂ ಗಟ್ಟಿಯಾಗಿ ಓದಿ ಕೇಳಿದರಂತೆ: “ಅಳೋದಾದ್ರೂ ಬೇರೆ ಬೇರೆ ಅಳಬಾರದೇನ್ರೀ?”

ವರ್ಷಗಳಿಂದ ಮಾತು ಬಿಟ್ಟಿದ್ದ ಅಣ್ಣನೂ ಭಾಮೈದನೂ ನನ್ನನ್ನು ಬೈಯುವುದಕ್ಕೋಸ್ಕರ ಮಾತು ಶುರುಮಾಡಿದರು. ಬೈಗುಳ ಸಾಲದೆ ಕಾಫಿ ಕುಡಿದರು. ಸಂಜೆ ಒಂದೇ ಬಸ್ಸಿನಲ್ಲಿ ಬಂದು ನನ್ನ ಜಗಲಿಯಲ್ಲಿ ಅಕ್ಕಪಕ್ಕ ಕೂತರು.

“ನಾವು ಏಳ್ದಂಗ್ ಬರಿ. ಸ್ವಂತದ್ದು ಒಂದಕ್ಷರ ಸೇರಿಸ್ಬ್ಯಾಡ,” ಎಂದ ಅಣ್ಣ.

“ಮೊದ್ಲು ನಾಲೆ ಹೂಳು ತೆಗೀಬೇಕು, ಕೊನೇ ಗದ್ದೆಗೆ ನೀರು ತಲುಪ್ಬೇಕು,” ಎಂದ ಶಿವಣ್ಣ.

“ಮಳೆಗಾಲದಾಗೆ ಮಿಕ್ಕಿದ್ದು ನಮ್ ಕೆರೆಗೆ,” ಎಂದ ಅಣ್ಣ. ಶಿವಣ್ಣ ಒಪ್ಪಿದ.

ನಾಲ್ಕೇ ಸಾಲಿನ ಆ ಅರ್ಜಿಗೆ ಎರಡೂ ಊರಿನವರು ಸಹಿ ಹಾಕಿದರು. ಹೂಳು ತೆಗೆದಿದ್ದಾರೆ. ಪಂಪು ಇನ್ನೂ ಬರಬೇಕು.

ಮೊನ್ನೆ ನಂಜನಗೂಡಿನ ನಮ್ಮ ಬೀದಿಯ ದಿಣ್ಣೆಯ ಮೇಲಿನ ಮನೆಗಳವರು ಬಂದರು. “ಸಾ, ನಿಮ್ ತಗ್ಗಿನ ಮನೆಗಳು ತುಂಬ್ಕೊಂಡ್ಮೇಲೆ ನಮಗೆ ನಲ್ಲೀಲಿ ಗಾಳಿ ಬತ್ತದೆ. ಪಾಳಿ ಮೇಲೆ ಬಿಡಿ ಅಂತ ನಗರಸಭೆಗೆ ಬರೀತಿದೀವಿ, ಒಂದ್ ಸಹಿ ಹಾಕಿ ಸಾ.”

ನಾನು ಸ್ಕೂಟರ್ ತೊಳೆಯುತ್ತಿದ್ದೆ. ಪೈಪನ್ನು ಕೈಬಿಡದೆಯೇ ಗಂಭೀರವಾಗಿ ಹೇಳಿದೆ:

“ನೋಡಿ, ನೀರು ತಗ್ಗಿಗೆ ಹರಿಯೋದು ಪ್ರಕೃತಿ ನಿಯಮ. ಇದರಲ್ಲಿ ರಾಜಕೀಯ ತರಬೇಡಿ.”