ಮಾವನ ಒಂದು ರಿವಾಲ್ವರು, ನನ್ನ ಮೂರು ಸಾಲು

ಕೈಬರಹ ಚೆನ್ನಾಗಿರುವವನನ್ನು ಹುಡುಕಿಕೊಂಡು ಊರೆಲ್ಲ ಬರುತ್ತದೆ. ತಲೆಯೂ ಚೆನ್ನಾಗಿದೆಯೇ ಎಂದು ಯಾರೂ ವಿಚಾರಿಸುವುದಿಲ್ಲ. ನನ್ನ ಅಕ್ಷರ ಮುತ್ತು ಪೋಣಿಸಿದಂತಿದೆ ಎಂದು ಹೊಗಳಿ ಹೊಗಳಿ ಕೆಡಿಸಿದವರಲ್ಲಿ ಹಿಂದೂಪುರದ ನನ್ನ ಸೋದರಮಾವ ರುದ್ರಪ್ಪನವರೇ ಮೊದಲಿಗರು. ಆ ಹೊಗಳಿಕೆಗೆ ಅವರು ತೆತ್ತದ್ದು ತಮ್ಮ ರಿವಾಲ್ವರನ್ನು. ಇಂದಿಗೂ ನೆನೆದರೆ ಸಂಕಟವಾಗುತ್ತದೆ.

ಮಾವ ಬೆಲ್ಲದ ಮಂಡಿಯವರು. ಹಣೆ ತುಂಬ ವಿಭೂತಿ, ಇರುವೆ ತುಳಿಯಲೂ ಅಂಜುವ ಜೀವ. ದೇಶ ಬಿಟ್ಟು ಹೊರಟ ಬಿಳಿಯ ಎಂಜಿನಿಯರೊಬ್ಬರಿಂದ ಕೊಂಡ ರಿವಾಲ್ವರಿನಲ್ಲಿ ಅವರು ಒಂದು ಗುಂಡನ್ನೂ ಹಾರಿಸಿದವರಲ್ಲ. ಆದರೆ ಅದೇನು ಸಾಮಾನ್ಯದ್ದೇ! ಗಿಡ್ಡ, ಉದ್ದ, ಇನ್ನೂ ಉದ್ದ, ಹೀಗೆ ಮೂರು ಜಾತಿಯ ತೋಟಾಗಳಲ್ಲಿ ಯಾವುದನ್ನು ತುಂಬಿದರೂ ಹಾರಿಸುತ್ತಿತ್ತಂತೆ. ಆಯುಧಪೂಜೆಯ ದಿನ ತಕ್ಕಡಿ, ತೂಕದ ಕಲ್ಲುಗಳ ನಡುವೆ ಅದಕ್ಕೂ ವಿಭೂತಿ ಬಳಿದು ಹೂವಿಟ್ಟು, ಬಂದವರಿಗೆಲ್ಲ ಒಂದೇ ಮಾತು: "ಬೇರೆಯೋರ ರಿವಾಲ್ವರು ಹಠಮಾರಿ ಕಣಪ್ಪ. ನಮ್ದು ಹಂಗಲ್ಲ. ಮುದ್ದೆ ಇಕ್ಕಿದ್ರೂ ಉಣ್ತೈತೆ, ಅನ್ನ ಇಕ್ಕಿದ್ರೂ ಉಣ್ತೈತೆ." ಅತ್ತೆ ಒಳಗಿನಿಂದಲೇ, "ಅದ್ರ ಗುಣ ಇವ್ರಿಗೂ ಒಂದೀಟು ಬಂದಿದ್ರೆ ಆಗ್ತಿತ್ತು," ಎನ್ನುತ್ತಿದ್ದರು.

ನಯಾಪೈಸೆ ಬಂದ ಹೊಸತು. ನಾನಾಗ ಕಲ್ಯಾಣದುರ್ಗದಲ್ಲಿ ಹೊಲಗಳ ಬೆಳೆ ವಿವರ ಬರೆಯುವ ಗುಮಾಸ್ತ. ಒಂದೇ ಹೊಲದಲ್ಲಿ ಕಡಲೆಕಾಯಿ, ತೊಗರಿ, ಜೋಳ ಬೆಳೆದರೆ ಮೂರು ಸಾಲು ಬರೆಯಬೇಕು. ಸಾಲಿಗೊಂದು ಬೆಳೆ, ಅದು ನಮ್ಮ ಪದ್ಧತಿ. ರಜೆಗೆ ಹಿಂದೂಪುರಕ್ಕೆ ಬಂದಾಗ ಮಾವ ಲೈಸೆನ್ಸು ಹೊಸದು ಮಾಡಿಸುವ ಅರ್ಜಿ ಮುಂದಿಟ್ಟರು. ಕೈ ತನ್ನ ಚಾಳಿ ಬಿಟ್ಟೀತೇ? ರಿವಾಲ್ವರು, ಗಿಡ್ಡ ತೋಟಾ. ರಿವಾಲ್ವರು, ಉದ್ದ ತೋಟಾ. ರಿವಾಲ್ವರು, ಇನ್ನೂ ಉದ್ದ ತೋಟಾ. ಕೆಳಗೆ ಗೆರೆ ಎಳೆದು 'ಒಟ್ಟು ಮೂರು' ಎಂದೂ ಬರೆದೆ. ಮಾವ ಓದಲಿಲ್ಲ, ಅಕ್ಷರ ನೋಡಿಯೇ ತಣಿದು ರುಜು ಹಾಕಿದರು.

ತಿಂಗಳೊಳಗೆ ಕಲ್ಯಾಣದುರ್ಗಕ್ಕೆ ಕಾಗದ ಬಂತು: 'ಇನ್ನೆರಡು ರಿವಾಲ್ವರು ಎಲ್ಲಿ ಅಂತ ಕೇಳ್ತಾವ್ರೆ, ಬೇಗ ಬಾ.' ಎದ್ದೆನೋ ಬಿದ್ದೆನೋ ಎಂದು ಬಸ್ಸು ಹತ್ತಿದೆ. ಲೈಸೆನ್ಸು ಕೊಡುವ ಆಫೀಸಿನ ಹೊರಗೆ ಮಾವ ರಿವಾಲ್ವರನ್ನು ಟವಲಿನಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕುಳಿತಿದ್ದರು. ನಾನೊಬ್ಬನೇ ಒಳಗೆ ಹೋದೆ.

"ಇದಿ ಎವರು ರಾಸಿಂದಿ?" ಎಂದು ಸಾಹೇಬರು ತೆಲುಗಿನಲ್ಲಿ ಕೇಳಿದರು. ಬರೆದವರು ಯಾರು! ನನ್ನ ಸರ್ಕಾರಿ ನೌಕರಿ ಕಣ್ಣ ಮುಂದೆ ಹಾದುಹೋಯಿತು. ಬಸ್ ಸ್ಟ್ಯಾಂಡಿನಲ್ಲಿ ಅರ್ಜಿ ಬರೆಯುವ ಯಾರೋ ಒಬ್ಬ ಎಂದುಬಿಟ್ಟೆ. ಸಾಹೇಬರು ಒಳ್ಳೆಯವರು. ಆ ಮನುಷ್ಯ ಬಂದು 'ತಪ್ಪು ನನ್ನದು' ಎಂದು ಒಂದು ಸಾಲು ಬರೆದುಕೊಟ್ಟರೆ ಸಾಕು, ಅಲ್ಲಿಯವರೆಗೆ ರಿವಾಲ್ವರು ಇಲ್ಲಿರಲಿ ಎಂದರು.

ಹೊರಗೆ ಬಂದು ಮಾವನಿಗೆ ಅರ್ಧವನ್ನಷ್ಟೇ ಹೇಳಿದೆ: "ಕೇಸು ಆಗ್ತಿತ್ತು ಮಾವ, ಹೆಂಗೋ ತಪ್ಪಿಸ್ದೆ. ರಿವಾಲ್ವರು ಮಾತ್ರ ಬಿಟ್ಟೋಗ್ಬೇಕಂತೆ." ಅವರು ಟವಲಿನಿಂದ ಅದನ್ನು ಮೆಲ್ಲಗೆ ಒರೆಸಿ ಕೊಟ್ಟರು. "ನೀನಿದ್ದೆ, ಉಳ್ಕೊಂಡೆ ಕಣ್ಲಾ," ಎಂದರು. ನಾಳೆ ಬಂದು ಆ ಸಾಲು ಬರೆದುಕೊಡೋಣ ಎಂದುಕೊಂಡೆ. ಅಷ್ಟರಲ್ಲಿ ಕಲ್ಯಾಣದುರ್ಗದ ಬಸ್ಸು ಸಿಕ್ಕಿಬಿಟ್ಟಿತು. ಆ ನಾಳೆ ಮಾವ ತೀರಿಕೊಳ್ಳುವವರೆಗೂ ಬರಲಿಲ್ಲ.

ಅವರಿದ್ದಷ್ಟು ವರ್ಷವೂ ಆಯುಧಪೂಜೆಗೆ ತಕ್ಕಡಿಯ ಪಕ್ಕ ರಿವಾಲ್ವರಿನ ಖಾಲಿ ತೊಗಲು ಚೀಲವನ್ನಿಟ್ಟು ವಿಭೂತಿ ಬಳಿಯುತ್ತಿದ್ದರು. ಬಂದವರಿಗೆ ನನ್ನನ್ನು ತೋರಿಸಿ, "ಇವ್ನಿಲ್ದಿದ್ರೆ ನನ್ನ ಜೈಲಿಗೆ ಹಾಕ್ಬುಡೋರು. ಏಯ್, ನಮ್ಮುಡುಗನಿಗೆ ಇನ್ನೊಂದು ಒಬ್ಬಟ್ಟು ಇಕ್ಕೇ," ಎಂದು ಅತ್ತೆಯನ್ನು ಕೂಗುತ್ತಿದ್ದರು. ನಾಚಿಕೆಯಿಂದ ನನ್ನ ತಲೆ ಎಲೆಗೆ ತಾಗುವಷ್ಟು ಬಗ್ಗುತ್ತಿತ್ತು. ಆದರೆ ಒಬ್ಬಟ್ಟನ್ನು ಮಾತ್ರ ಒಂದು ವರ್ಷವೂ ಬೇಡ ಎನ್ನಲಿಲ್ಲ.