ನಾನು ನೆಟ್ಟಗೆ ಮಾಡಿದ ಬೇಲಿ

ಮಹಾನಗರದ ಪಾರ್ಕುಗಳನ್ನು ನೋಡಲು ಹೊರಟಾಗ, ಅಲ್ಲಿನ ಒಂದೇ ಒಂದು ಎಲೆಯನ್ನೂ ಮುಟ್ಟುವುದಿಲ್ಲವೆಂದು ಘೋರ ಪ್ರತಿಜ್ಞೆ ಮಾಡಿದ್ದೆ. ಮಾಡಿದ್ದೆ ಅನ್ನುವುದಕ್ಕಿಂತ ನನ್ನಾಕೆ ಮಾಡಿಸಿದ್ದಳು ಅನ್ನುವುದೇ ಸರಿ. ಇಪ್ಪತ್ತಾರು ವರ್ಷಗಳಿಂದ ನಾನು ನಮ್ಮೂರಿನ ಏಕೈಕ ಪಾರ್ಕಿನ ಮೇಲ್ವಿಚಾರಕ. ಊರಿಗೆಲ್ಲ ರಜೆ ಇದ್ದ ದಿನವೇ ಪಾರ್ಕಿಗೆ ಜನ. ಹಾಗಾಗಿ ಆ ದಿನವೆಲ್ಲ ನನಗೆ ಡ್ಯೂಟಿ. ಮದುವೆಯಾದಂದಿನಿಂದ ನಾವಿಬ್ಬರೂ ಜೊತೆಯಾಗಿ ಒಂದು ಬೆಂಚಿನ ಮೇಲೆ ಕೂತದ್ದಿಲ್ಲ. ಬಣ್ಣ ಒಣಗಿದೆಯೇ ಎಂದು ನೋಡಲು ನಾನೊಬ್ಬನೇ ಕೂತದ್ದುಂಟು.

"ಒಂದು ದಿನ, ಮೂರು ಪಾರ್ಕು. ಗಂಡನಾಗಿ ಬನ್ನಿ, ಮೇಲ್ವಿಚಾರಕನಾಗಿ ಬರಬೇಡಿ," ಎಂದಿದ್ದಳು. "ಅಲ್ಲೂ ಕೆಲಸಕ್ಕೆ ಕೈ ಹಾಕಿದ್ರೋ, ಇನ್ನು ನಿಮ್ಮ ಜೊತೆ ನಾನು ಎಲ್ಲಿಗೂ ಬರಲ್ಲ."

ಮೊದಲನೆಯ ಪಾರ್ಕಿನಲ್ಲೇ ಮೈ ಉರಿದುಹೋಯಿತು. ಸುಡುವ ಮಧ್ಯಾಹ್ನದಲ್ಲಿ ಗುಲಾಬಿಯ ಎಲೆಗಳ ಮೇಲೆ ನೀರು ಹೊಡೆಯುತ್ತಿದ್ದರು! ಕೈಗಳೆರಡನ್ನೂ ಜೇಬಿಗೆ ತುರುಕಿಕೊಂಡು ಹಲ್ಲು ಕಡಿದೆ. ಎರಡನೆಯ ಪಾರ್ಕಿನಲ್ಲಿ ಬೋಳು ನೆಲ. ಅದರ ನಟ್ಟನಡುವೆ 'ಹುಲ್ಲು ತುಳಿಯಬೇಡಿ' ಎಂಬ ಫಲಕ. ಯಾವ ಹುಲ್ಲು ಸ್ವಾಮಿ? ಕಾವಲುಗಾರನನ್ನು ಕೇಳಿಯೇಬಿಟ್ಟೆ. ತನ್ನನ್ನು ಇಟ್ಟಿರುವುದು ಫಲಕ ಕಾಯುವುದಕ್ಕೆ, ಹುಲ್ಲು ಕಾಯುವುದಕ್ಕಲ್ಲ ಎಂದ. ನಾನು ಸಿಡಿದೇಳುವ ಮೊದಲೇ ನನ್ನಾಕೆ ತೋಳು ಹಿಡಿದು ಎಳೆದೊಯ್ದಳು. ಅಲ್ಲಿನ ಕೊಳದಲ್ಲಿ ಬಿಳಿಯ ಬಾತುಕೋಳಿಗಳಿದ್ದವಂತೆ. ನಾನು ನೋಡಲಿಲ್ಲ, ಸೋರುವ ಪೈಪನ್ನು ನೋಡಿ ಕುದಿಯುತ್ತಿದ್ದೆ.

ಮೂರನೆಯ ಪಾರ್ಕಿಗೆ ಹಿಂದಿನ ಗೇಟಿನಿಂದ ಹೊಕ್ಕೆವು. ಮರದ ನೆರಳಿನ ಬೆಂಚೊಂದನ್ನು ಹಿಡಿದು, ಪಕ್ಕದಲ್ಲಿ ನನಗೂ ಜಾಗ ಬಿಟ್ಟು ಕೂತ ನನ್ನಾಕೆ, ಬಾಟಲಿಗೆ ನೀರು ತುಂಬಿಸಿಕೊಂಡು ಬೇಗ ಬರಲು ಹೇಳಿದಳು.

ನಲ್ಲಿಯ ಪಕ್ಕದಲ್ಲೇ ಆ ಬೇಲಿ! ಆಳೆತ್ತರದ ದಟ್ಟ ಹಸಿರು, ನಡುವೆ ಧುತ್ತೆಂದು ಎದ್ದ ಒಂದು ಗುಡ್ಡೆ. ಏಣಿ ಒರಗಿಸಿ, ದೊಡ್ಡ ಕತ್ತರಿಯನ್ನು ಬಿಸಿಲಿಗೆ ಬಿಟ್ಟು ಮಾಲಿ ನಾಪತ್ತೆ. ಮೊದಲ ಪಾರ್ಕಿನಿಂದ ಅದುಮಿಟ್ಟ ಕೋಪವೆಲ್ಲ ಒಮ್ಮೆಗೇ ನೆತ್ತಿಗೇರಿತು. ದಂಡನಾಯಕ ಕೋಟೆ ಹತ್ತಿದಂತೆ ಏಣಿ ಹತ್ತಿದೆ. ಹತ್ತೇ ನಿಮಿಷ! ಗುಡ್ಡೆ ಹೇಳಹೆಸರಿಲ್ಲದಂತೆ ಮಾಯವಾಗಿ ಬೇಲಿ ಗೆರೆ ಎಳೆದಷ್ಟು ನೆಟ್ಟಗಾಯಿತು. ಒಂದು ತುದಿಯಲ್ಲೂ ಏನೋ ಉದ್ದಕ್ಕೆ ಬೆಳೆದುಕೊಂಡಿತ್ತು. ಅದಕ್ಕೂ ಒಂದು ಗತಿ ಕಾಣಿಸೋಣವೆಂದು ಏಣಿ ಸರಿಸುವಷ್ಟರಲ್ಲಿ ಹಿಂದಿನಿಂದ ದನಿ ಬಂತು.

"ಕೆಳಗಿಳೀರಿ."

ಮಾಲಿ. ನಾನೂ ಅದೇ ಕಸುಬಿನವನೆಂದು ಪರಿಚಯ ಹೇಳಿಕೊಂಡು, ಉಪಕಾರ ಸ್ಮರಿಸುವುದೇನೂ ಬೇಡವೆಂದೆ. ಆತ ನನ್ನನ್ನು ಬೇಲಿಯ ಮುಂಭಾಗಕ್ಕೆ ನಡೆಸಿಕೊಂಡು ಹೋದ. ಅಲ್ಲಿ ಕಾಲು ಮಡಚಿ, ಕತ್ತು ನೀಳವಾಗಿ ಎತ್ತಿ, ಹಸಿರು ಪ್ರಾಣಿಯೊಂದು ಕೂತಿತ್ತು. ಬೆನ್ನು ಮಾತ್ರ ಇಸ್ತ್ರಿ ಮಾಡಿದಷ್ಟು ಚಪ್ಪಟೆ. ಎದುರಿನ ಹೊಚ್ಚಹೊಸ ಫಲಕದಲ್ಲಿ 'ಒಂಟೆ' ಎಂದು ಬರೆದಿತ್ತು.

"ಡುಬ್ಬ ಒಂದಕ್ಕೇ ನಾಲ್ಕು ವರ್ಷ ಹಿಡೀತು," ಎಂದ ಮಾಲಿ. ಕೈಯಲ್ಲಿದ್ದ ಸಣ್ಣ ಕತ್ತರಿಯನ್ನು ನನ್ನ ಮೂಗಿನ ಮುಂದೆ ಹಿಡಿದ. "ಕೊನೇ ಸಲ ತಿದ್ದೋಣ ಅಂತ ಇದನ್ನ ತರೋಕೆ ಹೋಗಿದ್ದೆ. ನಾಳೆ ಶಾಲೆ ಮಕ್ಕಳು ಬರ್ತಾರೆ."

ಡುಬ್ಬ ಮತ್ತೆ ಚಿಗುರುತ್ತದೆ, ಸ್ವಲ್ಪ ಗೊಬ್ಬರ ಹಾಕಿ ಎಂದೇನೋ ತೊದಲುತ್ತಿದ್ದೆ. ಅಷ್ಟರಲ್ಲಿ ನನ್ನಾಕೆ ಹುಡುಕಿಕೊಂಡು ಬಂದಳು. ನನ್ನ ತಲೆಗೂದಲಲ್ಲಿ ಸಿಕ್ಕಿದ್ದ ಎಲೆಗಳನ್ನು ನೋಡಿದಳು. ಖಾಲಿ ಬಾಟಲಿ ನೋಡಿದಳು. ಫಲಕ ಓದಿದಳು. ಕಿರುಚಿದ್ದರೆ ಎಷ್ಟೋ ವಾಸಿಯಿತ್ತು! ನಾನೊಬ್ಬ ಅಲ್ಲಿ ಇಲ್ಲವೇ ಇಲ್ಲವೆಂಬಂತೆ ಮಾಲಿಯ ಕಡೆ ತಿರುಗಿ, ನಾಳೆಯೊಳಗೆ ಇದನ್ನು ಸರಿಮಾಡಲು ಏನಾದರೂ ದಾರಿಯಿದೆಯೇ ಎಂದು ವಿಚಾರಿಸಿದಳು.

"ಒಂಟೆ ಅಂತೂ ಆಗಲ್ಲಮ್ಮ," ಎಂದು ಆತ ಬೇಲಿಗೆ ಒಂದು ಸುತ್ತು ಬಂದ. "ತಲೆ ಮೇಲೆ ಎರಡು ಕಿವಿ ಬಿಡಿಸಿ, ಕತ್ತು ಸ್ವಲ್ಪ ಮೊಟಕು ಮಾಡಿದ್ರೆ ಕತ್ತೆ ಮಾಡಬಹುದು. ಆದ್ರೆ ನಾನು ಯಾವತ್ತೂ ಕತ್ತೆ ಮಾಡಿಲ್ಲ. ನೋಡಿಕೊಂಡು ಮಾಡೋಕೆ ಎದುರಿಗೆ ಒಂದು ಇದ್ದಿದ್ರೆ..."

ನನ್ನಾಕೆ ನನ್ನ ಕೈಯಿಂದ ಬಾಟಲಿ ಕಿತ್ತುಕೊಂಡಳು.

"ಸಂಜೆವರೆಗೂ ಇವರನ್ನ ಇಲ್ಲೇ ಬಿಟ್ಟಿರ್ತೀನಿ," ಎಂದವಳೇ, ಮಿಕ್ಕ ಪಾರ್ಕನ್ನು ನೋಡಲು ಒಬ್ಬಳೇ ಹೊರಟುಹೋದಳು.

ಮಾಲಿ ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ಅಳೆದು ನೋಡಿ, ಏಣಿ ಹತ್ತಿ, ಸ್ವಲ್ಪ ಎಡಕ್ಕೆ ತಿರುಗಿ ನಿಲ್ಲಲು ಹೇಳಿದ.